ಪರೀಕ್ಷೆಯ ಪರೀಕ್ಷೆ

ಪರೀಕ್ಷೆಯೆಂಬ ಪದವು ‘ಪರಿ’ ಎಂಬ ಉಪಸರ್ಗವೂ ‘ಈಕ್ಷ್’ ಎಂಬ ಧಾತುವೂ ಕೂಡಿ ಆದುದು. ಸುತ್ತಲೂ ನೋಡುವುದೆಂದು ಅದರ ಅರ್ಥ. ಒಂದು ಮಗ್ಗುಲಿನಿಂದ ನೋಡಿದರೆ ಅದು ಬರಿಯ ನೋಟವಾದೀತು, ಪರೀಕ್ಷೆಯಾಗದು. ವೈದ್ಯರ ಪರೀಕ್ಷೆಗಳಿಗೂ ಈ ಮಾತು ಸಲ್ಲುವುದೆಂದು ನಮಗೆ ಈಚೆಗೆ ಹೊಳೆಯಿತು.

ನೆರೆಮನೆಯ ರಾಯರು ಮೂವತ್ತೈದು ವರ್ಷ ದಿನಕ್ಕೊಂದು ಪ್ಯಾಕು ಸಿಗರೇಟು ಸೇದಿ ಬಿಟ್ಟವರು. “ಮೇಷ್ಟರೆ, ಕೆಮ್ಮಿಲ್ಲ, ದಮ್ಮಿಲ್ಲ. ಆದರೂ ಶ್ವಾಸಕೋಶದ ಸ್ಕ್ಯಾನ್ ಮಾಡಿಸೆಂದು ಮಗ ಹಟ ಹಿಡಿದಿದ್ದಾನೆ. ಮಾಡಿಸಲೇ?” ಎಂದರು. ನಾವು ವೈದ್ಯರಲ್ಲ, ಓದಿ ತಿಳಿದುದನ್ನು ಹೇಳಿದೆವು.

1971ರಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯವರು ಧೂಮಪಾನಿಗಳಾದ ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆರು ವರ್ಷ ನಾಲ್ಕು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇಯನ್ನೂ ಕಫಪರೀಕ್ಷೆಯನ್ನೂ ನಡೆಸತೊಡಗಿದರು. ಆ ಗುಂಪಿನಲ್ಲಿ ಹೆಚ್ಚು ಕ್ಯಾನ್ಸರುಗಳು ಸಿಕ್ಕಿದುವು. ರೋಗ ತಿಳಿದ ಮೇಲೆ ಹೆಚ್ಚು ವರ್ಷ ಬದುಕಿದಂತೆಯೂ ಕಂಡಿತು. ಆದರೆ ಆ ರೋಗದಿಂದ ಸತ್ತವರ ಸಂಖ್ಯೆ ಕಡಮೆಯಾಗಲಿಲ್ಲ. ಇದೇನು ವಿಚಿತ್ರವೆಂದು ವಾಚಕರು ಕೇಳಬಹುದು. 65ರಲ್ಲಿ ಸಾಯತಕ್ಕವನಿಗೆ 63ರಲ್ಲಿ ರೋಗ ತಿಳಿದರೆ ಎರಡು ವರ್ಷ ಬದುಕಿದನೆನ್ನುವೆವು. 60ರಲ್ಲೇ ತಿಳಿದರೆ ಐದು ವರ್ಷ ಬದುಕಿದನೆನ್ನುವೆವು. ಹೆಚ್ಚಿದುದು ಆಯುಸ್ಸಲ್ಲ, ಚಿಂತೆಯ ಅವಧಿ.

ಆಮೇಲೆ ಬಂದ ಸಿ.ಟಿ. ಸ್ಕ್ಯಾನಿನ ಗತಿ ಬೇರೆಯಾಯಿತು. ಅಮೆರಿಕದಲ್ಲಿಯೇ 55ರಿಂದ 74ರ ವಯಸ್ಸಿನ, ಬಹಳ ಸೇದಿದ್ದ 53,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲವು 2011ರಲ್ಲಿ ಪ್ರಕಟವಾಯಿತು. ಎಕ್ಸ್‌ರೇ ತೆಗೆಸಿದವರಿಗಿಂತ ಅಲ್ಪ ವಿಕಿರಣದ ಸ್ಕ್ಯಾನ್ ಮಾಡಿಸಿದವರಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ಕಡಮೆ. ಸಣ್ಣ ಲಾಭವಲ್ಲ. ಆದರೆ ನೂರು ಸ್ಕ್ಯಾನುಗಳಲ್ಲಿ ಸುಮಾರು 24ರಲ್ಲಿ ಶಂಕೆ ಕಂಡಿತು. ಶಂಕೆಗೊಳಗಾದ ನೂರರಲ್ಲಿ 96 ಕ್ಯಾನ್ಸರಾಗಿರಲಿಲ್ಲ! ಅಷ್ಟು ಮನೆಗಳಲ್ಲಿ ಎಷ್ಟು ರಾತ್ರಿ ನಿದ್ರೆ ಕೆಟ್ಟಿರಬೇಕೋ.

ಒಂದೇ ಉತ್ತರಪತ್ರಿಕೆಗೆ ಒಬ್ಬರು 40 ಅಂಕವನ್ನೂ ಮತ್ತೊಬ್ಬರು 55ನ್ನೂ ಕೊಡುವುದನ್ನು ನಾವು ಕಣ್ಣಾರೆ ಕಂಡವರು. ಸ್ಕ್ಯಾನಿನ ಚಿತ್ರವೂ ಹಾಗೆಯೇ. ಓದುವವರೆಲ್ಲರಿಗೂ ಒಂದು ಕಟ್ಟುಪಾಡಿರಬೇಕು. ಹಾಲೆಂಡು, ಬೆಲ್ಜಿಯಂ ದೇಶಗಳ ಪ್ರಯೋಗದವರು ಗಂಟಿನ ಗಾತ್ರವನ್ನು ಘನಮಾನದಿಂದ ಅಳೆದು, ಸಂದೇಹವಿದ್ದರೆ ಕೆಲವು ವಾರ ಕಾದು, ಬೆಳೆಯಿತೇ ಎಂದು ಮತ್ತೆ ನೋಡಿದರು. ಹೀಗಾಗಿ ಮುಂದಿನ ತಪಾಸಣೆಗೆ ಕಳುಹಿಸಬೇಕಾದುದು ನೂರಕ್ಕೆ ಸುಮಾರು 2. 2020ರಲ್ಲಿ ಅವರು ತಿಳಿಸಿದಂತೆ, ಹತ್ತು ವರ್ಷಗಳಲ್ಲಿ ಗಂಡಸರ ಸಾವು ನೂರಕ್ಕೆ 24ರಷ್ಟು ಇಳಿದಿತ್ತು. ಅಮೆರಿಕದ ವಿಕಿರಣವೈದ್ಯರ ಸಂಸ್ಥೆಯವರೂ 2014ರಲ್ಲಿ ವರದಿ ಬರೆಯುವ ಏಕರೀತಿಯೊಂದನ್ನು ಹೊರಡಿಸಿದರು.

ನಮ್ಮ ದೇಶದಲ್ಲಿ ಮತ್ತೊಂದು ತೊಡಕುಂಟು. ಕ್ಷಯವು ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಕಲೆಯನ್ನು ಉಳಿಸುವುದು. ಅದು ಚಿತ್ರದಲ್ಲಿ ಗಂಟಿನಂತೆ ತೋರಬಹುದು. ರಾಯರಿಗೆ ಯೌವನದಲ್ಲಿ ಕ್ಷಯ ತಗುಲಿತ್ತು. ಚಿತ್ರ ಓದುವವರಿಗೆ ಅದನ್ನು ಮೊದಲೇ ತಿಳಿಸಿ, ಹಳೆಯ ಎಕ್ಸ್‌ರೇ ಇದ್ದರೆ ಕೊಂಡೊಯ್ಯಿರೆಂದು ಹೇಳಿದೆವು.

ನಮ್ಮ ಪೇಟೆಯ ಒಂದು ಸ್ಕ್ಯಾನ್ ಕೇಂದ್ರದವರು ಮನೆಮನೆಗೆ ಚೀಟಿ ಹಂಚಿದ್ದಾರೆ. ಸೇದಿದವರಿಗೂ ಸೇದದವರಿಗೂ, ಮೂವತ್ತರವರಿಗೂ ಎಂಬತ್ತರವರಿಗೂ ಒಂದೇ ಆಹ್ವಾನ. ಅಪಾಯವೇ ಅಲ್ಪವಾಗಿರುವಲ್ಲಿ ಹುಡುಕಿದರೆ ಸಿಕ್ಕುವುದು ಬಹುಪಾಲು ಸುಳ್ಳು ಶಂಕೆ. ಅಮೆರಿಕದಲ್ಲಿ ವೃದ್ಧರ ಸರಕಾರೀ ವಿಮೆಯವರು 2015ರಲ್ಲಿ ಇದಕ್ಕೆ ಹಣ ಕೊಡಲು ಒಪ್ಪಿದಾಗ, ಮೊದಲ ಸ್ಕ್ಯಾನಿಗೆ ಮುಂಚೆ ಲಾಭನಷ್ಟಗಳ ಮಾತುಕತೆಯೂ ಸೇದುವುದನ್ನು ಬಿಡುವ ಸಲಹೆಯೂ ನಡೆಯತಕ್ಕದ್ದೆಂದು ವಿಧಿಸಿದರು. ನಮ್ಮ ಚೀಟಿಯಲ್ಲಿ ದರವೂ ರಿಯಾಯಿತಿಯೂ ಮಾತ್ರ ಇವೆ.