ಮುಖ ನೋಡಿ ಮಣೆ
ಫ್ರಾನ್ಸಿನ ನರವೈದ್ಯ ಡುಶೆನ್ 1862ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮುಖದ ಸ್ಪರ್ಶಜ್ಞಾನ ಬಹುಮಟ್ಟಿಗೆ ಕುಂದಿದ್ದ ಹಲ್ಲಿಲ್ಲದ ಮುದುಕನೊಬ್ಬನ ಸ್ನಾಯುಗಳಿಗೆ ವಿದ್ಯುತ್ತನ್ನು ಹಾಯಿಸಿ ಮೂಡಿಸಿದ ಭಾವಗಳ ಛಾಯಾಚಿತ್ರಗಳಿವೆ. ತುಟಿಯಂಚನ್ನು ಮೇಲಕ್ಕೆಳೆಯುವ ಕೆನ್ನೆಯ ಸ್ನಾಯು ಇಚ್ಛೆಗೆ ಮಣಿಯುತ್ತದೆ, ಆದರೆ ಕಣ್ಣನ್ನು ಸುತ್ತುವರಿದು ಅದರ ಹೊರತುದಿಯಲ್ಲಿ ನೆರಿಗೆ ಮೂಡಿಸುವ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ ಎಂಬುದು ಆತನ ವಾದ; ಇವೆರಡೂ ಕೂಡಿದ ನಗೆಗೆ ಇಂದಿಗೂ ‘ಡುಶೆನ್ ನಗೆ’ ಎಂಬ ಹೆಸರಿದೆ. ಕಣ್ಣಂಚಿನ ಆ ನೆರಿಗೆಯನ್ನೂ ಬೇಕೆಂದಾಗ ತರಬಲ್ಲವರು ಅನೇಕರಿದ್ದಾರೆಂದು ಮುಂದಿನ ಸಂಶೋಧನೆಗಳು ತೋರಿಸಿದವು, ರಂಗಭೂಮಿಯನ್ನು ಬಲ್ಲವರಿಗೆ ಇದೇನೂ ಹೊಸ ಸಂಗತಿಯಾಗಿರಲಾರದು.

ಗಳಿಗೆಯ ಭಾವವನ್ನು ಊಹಿಸುವುದಕ್ಕಿಂತ ಮುಖದಿಂದ ಶೀಲವನ್ನೇ ನಿರ್ಣಯಿಸುವುದು ಹೆಚ್ಚು ಅಪಾಯಕಾರಿ. ಇಟಲಿಯ ಲೊಂಬ್ರೋಸೊ 1876ರಲ್ಲಿ ದವಡೆ, ಹಣೆ, ಕಿವಿಗಳ ಆಕಾರದಿಂದ ಅಪರಾಧ ಪ್ರವೃತ್ತಿಯನ್ನು ಗುರುತಿಸಬಹುದೆಂದು ಸಾರಿ, ವಿಜ್ಞಾನದ ಹೆಸರಿನಲ್ಲಿ ಪೂರ್ವಗ್ರಹಕ್ಕೆ ಮನ್ನಣೆ ದೊರಕಿಸಿದ. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಸ್ ಮತ್ತು ಟೊಡೊರೊವ್ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತ ಮುಖವೊಂದನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಕಂಡವರು ಅದರ ವಿಶ್ವಾಸಾರ್ಹತೆಯ ಬಗ್ಗೆ ಕೊಟ್ಟ ತೀರ್ಪು, ಕಾಲಮಿತಿಯಿಲ್ಲದೆ ನೋಡಿದವರ ತೀರ್ಪಿಗೆ ಬಹಳ ಹತ್ತಿರವಿತ್ತು. ನೋಡುವ ಹೊತ್ತು ಹೆಚ್ಚಿದಂತೆ ಮುಖ್ಯವಾಗಿ ಬೆಳೆದದ್ದು ತಮ್ಮ ತೀರ್ಪಿನ ಮೇಲೆ ಅವರಿಗಿದ್ದ ಭರವಸೆ.