ತೂಗಿ ನೋಡಿದ್ದು

ಕನ್ನಡದಲ್ಲಿ ‘ತೂಗು’ ಎಂಬ ಮಾತಿಗೆ ಎರಡು ಅರ್ಥ. ತೊಟ್ಟಿಲನ್ನೂ ತೂಗುತ್ತೇವೆ, ತಕ್ಕಡಿಯಲ್ಲಿ ಬೆಲ್ಲವನ್ನೂ ತೂಗುತ್ತೇವೆ. ಇದನ್ನು ನಾನು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತ ಬಂದವನೇ. ಆದರೆ ಎರಡು ತೂಗುವಿಕೆಯೂ ಒಂದೇ ಆಗಬಲ್ಲುದೆಂದು ತಿಳಿದದ್ದು ಪೀಣ್ಯದ ನಮ್ಮ ಬಾಡಿಗೆ ಮನೆಯಲ್ಲಿ, ಮಗಳು ಹುಟ್ಟಿದ ಮೇಲೆ.

ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಾಗ ಅದರ ತೂಕ 2 ಕಿಲೋ. ದಿನಕ್ಕೆ 25 ಗ್ರಾಮಾದರೂ ಏರಬೇಕು, ಹದಿನೈದು ದಿನ ಬಿಟ್ಟು ಬನ್ನಿ ಎಂದರು ವೈದ್ಯರು. ಹದಿನೈದು ದಿನ! ಅದನ್ನು ಹೇಳುವುದು ಎಷ್ಟು ಸುಲಭ!

ಸೀರೆಯ ಜೋಲಿ ಕಟ್ಟಿ, ಅಂಗಡಿಯಿಂದ ತಂದ ಸ್ಪ್ರಿಂಗಿಗೆ ತೂಗುಹಾಕಿದೆವು. ಜೋಲಿ ಅಲುಗಲೇ ಇಲ್ಲ. ಪಕ್ಕದ ಮನೆಯ ಯಜಮಾನರು ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಸ್ಪ್ರಿಂಗ್ ಸುತ್ತುವವರು. ನೋಡಿ ನಕ್ಕರು. “ಮೇಷ್ಟ್ರೇ, ಇದು ಹತ್ತು ಕಿಲೋ ಮಗುವಿನದು. ನಿಮ್ಮ ಕೂಸಿಗೆ ಸುತ್ತು ಹೆಚ್ಚಿರಬೇಕು. ಸುತ್ತು ಹೆಚ್ಚಿದಷ್ಟೂ ಸ್ಪ್ರಿಂಗ್ ಮೆತ್ತಗಾಗುತ್ತೆ” ಎಂದು ಮರುದಿನ ತಾವೇ ಸುತ್ತಿದ ಒಂದನ್ನು ತಂದು ಕೊಕ್ಕೆಗೆ ಸಿಕ್ಕಿಸಿದರು. ಮಗುವನ್ನು ಮಲಗಿಸಿದೊಡನೆ ಜೋಲಿ ಒಂದು ಗೇಣಿಗಿಂತ ತುಸು ಹೆಚ್ಚು ಕೆಳಗಿಳಿದು, ಮೇಲೆ ಕೆಳಗೆ ಮೆಲ್ಲನೆ ಆಡತೊಡಗಿತು. ಕೈಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಸರಿಯಾಗಿ 60.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅರಳಿತು. ಇದಕ್ಕೆ ‘ಸರಳ ಸಂಗತ ಚಲನೆ’ ಎಂದು ಹೆಸರಂತೆ. (ಸಂಸಾರದಲ್ಲಿ ಸರಳವೂ ಸಂಗತವೂ ಆದ ಚಲನೆ ಇದೊಂದೇ ಇರಬೇಕು.) ಎಳೆದಷ್ಟೂ ಸ್ಪ್ರಿಂಗ್ ಅದೇ ಪ್ರಮಾಣದಲ್ಲಿ ಹಿಂದಕ್ಕೆ ಸೆಳೆಯುತ್ತದೆ. ಇದನ್ನು ಕಂಡುಕೊಂಡ ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚುಹಾಕಿಸಿ, ಎರಡು ವರ್ಷಗಳಾದ ಮೇಲೆ ಬಿಡಿಸಿ ಹೇಳಿದನಂತೆ. ಎರಡು ಬೆರಳಷ್ಟು ಎಳೆದು ಬಿಟ್ಟರೂ ಗೇಣುದ್ದ ಎಳೆದು ಬಿಟ್ಟರೂ ಒಂದು ಸಲ ಹೋಗಿಬರಲು ಹಿಡಿಯುವ ಕಾಲ ಒಂದೇ. ಕಾಲ ಬದಲಾಗುವುದು ತೂಗುವ ವಸ್ತುವಿನ ರಾಶಿ ಬದಲಾದಾಗ. ಅದೂ ವರ್ಗಮೂಲದ ಲೆಕ್ಕದಲ್ಲಿ: ರಾಶಿ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟು.

“ಹಾಗಾದರೆ ಮಗು ಬೆಳೆದಂತೆ ಎಣಿಕೆ ಇಳಿಯಬೇಕಲ್ಲವೆ?” ಎಂದೆ.

“ಇಳಿಯಲೇಬೇಕು. ಆಕಾಶದಲ್ಲಿ ಮಾಡುವುದೂ ಅದನ್ನೇ” ಎಂದರು ಮಿತ್ರರು. ಅಲ್ಲಿ ತೂಕವೇ ಇಲ್ಲದ್ದರಿಂದ ತಕ್ಕಡಿ ನಡೆಯದು. 1973ರಲ್ಲಿ ಅಮೆರಿಕದ ಸ್ಕೈಲ್ಯಾಬಿನಲ್ಲಿ ಗಗನಯಾತ್ರಿಗಳನ್ನು ಸ್ಪ್ರಿಂಗಿನ ಪೀಠದ ಮೇಲೆ ಕೂರಿಸಿ, ತೂಗಿ, ಆ ಕಾಲದಿಂದ ಅವರ ದೇಹದ ರಾಶಿಯನ್ನು ಲೆಕ್ಕಹಾಕುತ್ತಿದ್ದರಂತೆ. ಪೀಣ್ಯಕ್ಕೂ ಆಕಾಶಕ್ಕೂ ಹಳೆಯ ನಂಟುಂಟು. 1975ರ ಏಪ್ರಿಲ್ 19ರಂದು ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಇಲ್ಲಿಯ ಕಾರ್ಖಾನೆಯ ಷೆಡ್ಡುಗಳಲ್ಲಿಯೇ.

ಸೀರೆ, ಕೋಲು, ಕೊಕ್ಕೆ, ಸ್ಪ್ರಿಂಗಿನ ಮೂರನೆಯ ಒಂದು ಪಾಲು ಎಲ್ಲ ಸೇರಿ 1 ಕಿಲೋ, ಮಗುವಿನದು 2, ಒಟ್ಟು 3. ಇಷ್ಟು ಗುರುತು ಹಾಕಿಕೊಂಡು, ದಿನವೂ ಮಗು ನಿದ್ರಿಸುವಾಗ ಎರಡು ಬೆರಳಷ್ಟೇ ಎಳೆದು ಬಿಟ್ಟು, ಐದೈದು ಸಲ ಎಣಿಸತೊಡಗಿದೆ. ಅತ್ತೆಯವರಿಗೆ ಇದು ಸರಿಬೀಳಲಿಲ್ಲ. “ಕೂಸನ್ನು ಎಣಿಸಬಾರದು, ದೃಷ್ಟಿಯಾಗುತ್ತೆ” ಎಂದರು. ನಾನು ಎಣಿಸುವುದು ಕೂಸನ್ನಲ್ಲ, ಜೋಲಿಯನ್ನು ಎಂದು ವಾದಿಸಿದೆ. ಅವರು ಮುಖ ತಿರುಗಿಸಿದರು.

ಎಂಟನೆಯ ದಿನಕ್ಕೆ ಎಣಿಕೆ 58ಕ್ಕೆ ಇಳಿದಿರಬೇಕಿತ್ತು. ಎಷ್ಟು ಸಲ ಎಣಿಸಿದರೂ 60! ರಾತ್ರಿಯೆಲ್ಲ ಕಾರ್ಖಾನೆಯ ಪ್ರೆಸ್ಸುಗಳ ಸದ್ದು ಕೇಳುತ್ತ ಕುಳಿತೆ. ಆ ಸದ್ದೂ ಅರವತ್ತನ್ನೇ ಎಣಿಸುವಂತಿತ್ತು. ನನ್ನವಳಿಗೆ ಹೇಳುವ ಧೈರ್ಯವಾಗಲಿಲ್ಲ. ಹೇಳದೆ ಇರಲೂ ಆಗಲಿಲ್ಲ. ಬೆಳಗಾಗುವ ಹೊತ್ತಿಗೆ ಅವಳೇ, “ಎಣಿಕೆ ಇಳಿದಿಲ್ಲ, ಅಲ್ಲವೆ? ನಾನೂ ಎಣಿಸಿದೆ” ಎಂದಳು.

ಅಂದೇ ಹೊರಟೆವು. ನಾವು ಬಂದ ಕಾರಣ ಕೇಳಿ ವೈದ್ಯರು ಹುಬ್ಬೇರಿಸಿದರು. ತಕ್ಕಡಿಯ ಮುಳ್ಳನ್ನು ನೋಡಿದ ಮೇಲೆ ಹುಬ್ಬು ಇಳಿಯಿತು. ಕೂಸಿಗೆ ಮೊಲೆ ಚೀಪುವಷ್ಟು ತ್ರಾಣವಿರಲಿಲ್ಲ. ಹಾಲನ್ನು ಹಿಂಡಿ ಎರಡೆರಡು ಗಂಟೆಗೊಮ್ಮೆ ಒಳಲೆಯಲ್ಲಿ ಕುಡಿಸಬೇಕೆಂದರು. ಹಗಲಿನ ಒಳಲೆ ಅತ್ತೆಯವರದು, ರಾತ್ರಿಯದು ನಮ್ಮಿಬ್ಬರದು. ಐದನೆಯ ದಿನ 59. ಮತ್ತೆ ನಾಲ್ಕು ದಿನಕ್ಕೆ 58. ಒಂದು ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಅತ್ತೆಯವರೇ, “ಇವತ್ತು ಎಷ್ಟಾಯಿತು, ನೋಡಬಾರದೆ?” ಎಂದರು.

ಏಳು ವಾರಗಳಾದ ಮೇಲೆ ಎಣಿಕೆ 50ಕ್ಕೆ ಬಂತು. ಅರವತ್ತನ್ನು ಐವತ್ತರಿಂದ ಭಾಗಿಸಿ, ವರ್ಗ ಮಾಡಿ, ಮೂರರಿಂದ ಗುಣಿಸಿ, ಒಂದನ್ನು ಕಳೆದೆ: 3 ಕಿಲೋ 320 ಗ್ರಾಂ. ಆಸ್ಪತ್ರೆಯ ತಕ್ಕಡಿ 3 ಕಿಲೋ 250 ತೋರಿಸಿತು. ಉಳಿದ 70 ಗ್ರಾಂ ದಾರಿಯಲ್ಲಿ ಒದ್ದೆಯಾದ ಬಟ್ಟೆಯ ಲೆಕ್ಕ ಎಂದಳು ನನ್ನವಳು.

ಈಗ ಮಗಳಿಗೆ 9 ಕಿಲೋ. ಮೊನ್ನೆ ಜೋಲಿ ಜಗ್ಗಿ ನೆಲಕ್ಕೆ ತಾಗಿತು. ಪಕ್ಕದ ಮನೆಯವರು ಸ್ಪ್ರಿಂಗನ್ನು ಬಿಚ್ಚಿ ಕೊಂಡೊಯ್ದು, ಅರ್ಧಕ್ಕೆ ಕತ್ತರಿಸಿ, ತುದಿಯನ್ನು ಮಡಿಸಿ ಮತ್ತೆ ತಂದು ಹಾಕಿದರು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಉಳಿದರ್ಧವನ್ನು ತಾವೇ ಇಟ್ಟುಕೊಂಡರು. ಊರಿನಲ್ಲಿರುವ ಅವರ ಮೊಮ್ಮಗಳಿಗೆ ವರ್ಷ ತುಂಬುತ್ತ ಬಂದಿದೆಯಂತೆ.