ಒಲೆಯ ಮುಂದಿನ ಉಸಿರು

ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ನಮ್ಮ ಜನ ಕೇಳುವುದು ಒಂದೇ ಪ್ರಶ್ನೆ: ‘ಸಿಗರೇಟು ಸೇದುತ್ತಿದ್ದರೇ?’ ಹಾಗೆ ಕೇಳಲು ಕಾರಣವೂ ಇದೆ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಈ ರೋಗಕ್ಕೂ ಧೂಮಪಾನಕ್ಕೂ ಇರುವ ನಂಟನ್ನು ತೋರಿಸಿಕೊಟ್ಟರು. ಡಾಲ್‌ಗೆ ಮೊದಲು ಅನುಮಾನವಿದ್ದುದು ರಸ್ತೆಯ ಡಾಂಬರು, ಮೋಟಾರು ಹೊಗೆಯ ಮೇಲೆ. ಲೆಕ್ಕ ಬೇರೆಯೇ ಹೇಳಿದಾಗ ಅವರು ತಾವೂ ಸಿಗರೇಟು ಬಿಟ್ಟರು. ನಮ್ಮ ಬೀಡಿಯೇನೂ ಸಾಧುವಲ್ಲ.

ಆದರೆ ನನ್ನ ಅತ್ತಿಗೆ ಬೀಡಿ ಮುಟ್ಟಿದವರಲ್ಲ. ಮೂವತ್ತು ವರ್ಷ ಅವರು ಹಿಡಿದದ್ದು ಸೌದೆ ಒಲೆಯ ಊದುಗೊಳವೆ. ಜಗಲಿಯಲ್ಲಿ ಕೂತು ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವನು ಅಣ್ಣ. ಅತ್ತಿಗೆಗೆ ಕೆಮ್ಮು ಹತ್ತಿದಾಗ ಕ್ಷಯವೆಂದು ಮಾತ್ರೆ ಕೊಟ್ಟರು. ನಮ್ಮಲ್ಲಿ ಇದು ಅಪರೂಪವಲ್ಲ. ಬಿಡದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಕಲೆ ಎರಡೂ ರೋಗಗಳಲ್ಲಿ ಕಾಣುತ್ತವೆ. ಐದು ತಿಂಗಳ ಮೇಲೆ ಬಯಾಪ್ಸಿ ನಿಜ ಹೇಳಿತು: ಅಡಿನೋಕಾರ್ಸಿನೋಮ. ‘ಕದ್ದು ಸೇದುತ್ತಿದ್ದರೇನೋ’ ಎಂದು ಊರಲ್ಲಿ ಆಡಿಕೊಂಡರು. ರೋಗಕ್ಕಿಂತ ಆ ಮಾತಿಗೇ ಅವರು ಹೆಚ್ಚು ಕುಗ್ಗಿದರು.

ಈ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆ. ಸೂಕ್ಷ್ಮದರ್ಶಕದಡಿ ಜೀವಕೋಶಗಳು ಪುಟ್ಟದಾಗಿ ಕಂಡರೆ ‘ಸ್ಮಾಲ್ ಸೆಲ್’. ನೂರರಲ್ಲಿ ಸುಮಾರು 15 ಇಂಥವು. ಹೆಚ್ಚಾಗಿ ಧೂಮಪಾನಿಗಳಿಗೇ ಬಂದು ಬೇಗ ಹರಡುತ್ತವೆ. ಉಳಿದವು ‘ನಾನ್ ಸ್ಮಾಲ್ ಸೆಲ್’. ಅವುಗಳಲ್ಲಿ ಸ್ಕ್ವಾಮಸ್ ಎಂಬುದಕ್ಕೂ ತಂಬಾಕಿಗೂ ಗಟ್ಟಿ ನಂಟು. ಸೇದದವರಿಗೆ ಬಂದರೆ ಸಾಮಾನ್ಯವಾಗಿ ಅಡಿನೋಕಾರ್ಸಿನೋಮ. ಇವರಲ್ಲಿ ಅನೇಕರಿಗೆ ‘ಇಜಿಎಫ್‌ಆರ್’ ಎಂಬ ಜೀನಿನಲ್ಲಿ ವ್ಯತ್ಯಾಸವಿರುತ್ತದೆ. ಅದಕ್ಕೆಂದೇ ಗುಳಿಗೆಗಳಿವೆ. ಆದ್ದರಿಂದಲೇ ವೈದ್ಯರು ಮೊದಲು ಬಗೆ ಯಾವುದೆಂದು ನೋಡುತ್ತಾರೆ. ಅತ್ತಿಗೆಗೆ ಆ ಗುಳಿಗೆಗಳಿಂದ ಎರಡು ವರ್ಷ ದಕ್ಕಿತು.

ಪಕ್ಕದವರ ಬೀಡಿ ಹೊಗೆ, ಕಲ್ನಾರಿನ ಧೂಳು, ನೆಲದಿಂದ ಹೊರಡುವ ರೇಡಾನ್ ಅನಿಲ, ಡೀಸೆಲ್ ಹೊಗೆ ಇವೂ ಕಾರಣಗಳೇ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊರಗಿನ ಗಾಳಿಯ ಮಾಲಿನ್ಯವನ್ನೂ ಪಟ್ಟಿಗೆ ಸೇರಿಸಿತು. ಸೌದೆ ಹೊಗೆಯ ಮೇಲೂ ಬಲವಾದ ಸಂದೇಹವಿದೆ. ಅತ್ತಿಗೆಗೆ ಒಲೆಯಿಂದ ಬಂತೋ, ಅಣ್ಣನ ಬೀಡಿಯಿಂದಲೋ, ಎರಡೂ ಅಲ್ಲವೋ ಯಾರೂ ಹೇಳಲಾರರು. ಈ ಲೆಕ್ಕಗಳೆಲ್ಲ ಸಾವಿರಾರು ಜನರನ್ನು ಕೂಡಿಸಿ ತೆಗೆದವು.

ಮೂರು ವಾರ ದಾಟಿದ ಕೆಮ್ಮನ್ನು, ಮಾತ್ರೆಗೆ ಬಗ್ಗದ ‘ಕ್ಷಯ’ವನ್ನು ಸುಮ್ಮನೆ ಬಿಡಬೇಡಿ. ಮತ್ತೆ ಪರೀಕ್ಷೆ ಮಾಡಿಸಿ. ಅಣ್ಣ ಬೀಡಿ ಬಿಟ್ಟದ್ದು ಅತ್ತಿಗೆ ಹೋದ ಮೇಲೆ. ಬಿಟ್ಟು ಹತ್ತು ವರ್ಷವಾದರೆ ಈ ಕ್ಯಾನ್ಸರಿನ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂದು ಅವನಿಗೆ ಹೇಳಿದ್ದೇನೆ. ಅವನಿಗೀಗ ನಾಲ್ಕು ವರ್ಷವಾಯಿತು.